ಕ್ರಿಸ್ಮಸ್ ಮರದ ಕೆಳಗಿನ ಕೊಂಬೆಗಳು ಮಕ್ಕಳಿಗಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯೊಳಗೆ ಕ್ರಿಸ್ಮಸ್ ಮರ ಸಿಂಗರಿಸುವ ಬಗೆ ಕುರಿತು ಬಂದ ಪುಟ ಓದಿದೆ. ಬರೆದವರು ಶ್ರಮಪಟ್ಟೇ ಬರೆದಿದ್ದಾರೆ. ಎರಡಕ್ಕಿಂತ ಹೆಚ್ಚು ಬಣ್ಣ ಬೇಡ, ಹೊಳೆಯುವ ಗುಂಡುಗಳ ನಡುವೆ ಅಂತರ ಸಮನಾಗಿರಲಿ, ರಿಬ್ಬನ್ ತುದಿಯಿಂದ ಬುಡದವರೆಗೆ ಸುತ್ತಿ ಬರಲಿ ಎಂದೆಲ್ಲ ಹೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಲಂಕಾರವನ್ನೆಲ್ಲ ಅವರ ಕೈಗೆ ಎಟುಕದ ಹಾಗೆ ಮೇಲೆ ಕಟ್ಟಿ. ಈ ಕಾಗದ ಆ ಕೊನೆಯ ಸಾಲಿಗೆ. ನಾಲ್ಕು ಅಡಿಯ ಮರದಲ್ಲಿ ಮಗುವಿಗೆ ಎಟುಕದ ಜಾಗ ಅಂದರೆ ತುದಿಯ ಒಂದು ಗೇಣು. ಆ ಒಂದು ಗೇಣಿಗೆ ಹಬ್ಬ ಮಾಡಿ ಉಳಿದದ್ದನ್ನು ಬೋಳು ನಿಲ್ಲಿಸುವುದಾ? ಕೆಳಗಿನ ಕೊಂಬೆಗಳನ್ನು ಪೂರಾ ಮಕ್ಕಳಿಗೇ ಬಿಟ್ಟುಕೊಟ್ಟು, ಅಲ್ಲಿ ಏನು ತೂಗಬಹುದು, ಏನು ತೂಗಬಾರದು ಎಂದು ಯೋಚಿಸುವುದು ದೊಡ್ಡವರ ಕೆಲಸ ಅಂತ ನನ್ನ ವಾದ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಊರವರಿಗೆ ಈಗಲೂ ಟೀಚರೇ. ಮನೆಮಾತು ಕೊಂಕಣಿ. ಮಾವನವರ ತಂದೆ ಮಂಗಳೂರು ಕಡೆಯಿಂದ ಕೊಪ್ಪದ ಕಾಫಿ ತೋಟವೊಂದಕ್ಕೆ ರೈಟರಾಗಿ ಬಂದವರು. ಆಮೇಲೆ ಒಂದಿಷ್ಟು ಅಡಿಕೆ ತೋಟ ಮಾಡಿಕೊಂಡು ಇಲ್ಲೇ ನಿಂತರು. ಮನೆಯಲ್ಲೀಗ ಇಬ್ಬರು ಮೊಮ್ಮಕ್ಕಳು. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ಮುಂದೆ ಬರೆಯುವುದನ್ನೆಲ್ಲ ಇವರ ಕೈಗಳನ್ನು ಕಣ್ಣಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಮರ ಇಡುವ ಪದ್ಧತಿ ಇರಲಿಲ್ಲ. ಗೋದಲಿ ಇತ್ತು, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗಲೇ ಅತ್ತೆ ಹಳೆಯ ಡಬ್ಬಿ ಮುಚ್ಚಳಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತುತ್ತಿದ್ದರು. ಕ್ರಿಸ್ಮಸ್ ಹೊತ್ತಿಗೆ ಅದು ಗೋದಲಿಯ ಸುತ್ತ ಹಸಿರು ಗದ್ದೆಯಾಗುತ್ತಿತ್ತು. ಮರದ ಮಾತೆತ್ತಿದರೆ, "ಬಾಲಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಮರದ ಮೇಲಲ್ಲ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ ಗೋದಲಿ ಮಾಡಿದ್ದು 1223ರಲ್ಲಿ. ಮನೆಯೊಳಗೆ ಮರ ತಂದು ನಿಲ್ಲಿಸುವ ರೂಢಿ ಅದಕ್ಕಿಂತ ಎಷ್ಟೋ ಈಚಿನದು, ಜರ್ಮನ್ ಮಾತಾಡುವ ಸೀಮೆಯದು, ಪ್ರಾಟೆಸ್ಟೆಂಟರ ಮನೆಗಳಲ್ಲಿ ಬೆಳೆದದ್ದು. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಕ್ರಿಸ್ಮಸ್ ಮರ ಮೊದಲು ನಿಂತದ್ದೇ 1982ರಲ್ಲಿ. ಪೋಪರೇ ಅಷ್ಟು ತಡ ಮಾಡಿರುವಾಗ ನಮ್ಮ ಅತ್ತೆ ಒಂದೆರಡು ವರ್ಷ ತಡ ಮಾಡಿದ್ದರಲ್ಲಿ ತಪ್ಪೇನಿಲ್ಲ. ಕೊನೆಗೆ ನನ್ನ ಮಗ ಶಾಲೆಯಲ್ಲಿ ನೋಡಿಕೊಂಡು ಬಂದು ಹಟ ಹಿಡಿದಾಗ ಒಪ್ಪಿದರು, ಆದರೆ ಒಂದು ಷರತ್ತು ಹಾಕಿ: ಮರ ಗೋದಲಿಗೆ ನೆರಳಾಗಿ ನಿಲ್ಲಬೇಕು, ಗೋದಲಿ ಮರಕ್ಕೆ ಅಲಂಕಾರವಾಗಬಾರದು. ಆ ಷರತ್ತು ಈಗಲೂ ನಡೆಯುತ್ತಿದೆ.

ಮರ ಅಂದೆ, ಅದು ನಿಜವಾಗಿ ಗಾಳಿಮರದ, ಅಂದರೆ ಸರ್ವೆ ಮರದ, ಒಂದು ಕೊಂಬೆ. ನಮ್ಮ ಬೇಲಿ ಸಾಲಿನಲ್ಲಿ ನಾಲ್ಕಾರು ಗಾಳಿಮರಗಳಿವೆ. ಸ್ವಂತ ಜಾಗದ ಗಾಳಿಮರ, ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಇವಕ್ಕೆ ವಿನಾಯಿತಿ ಇದೆ. ರಸ್ತೆಬದಿಯದಕ್ಕೂ ಕಾಡಿನದಕ್ಕೂ ಕತ್ತಿ ಹಾಕುವ ಹಾಗಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ತಗ್ಗಿನ ದಟ್ಟ ಕೊಂಬೆಯೊಂದನ್ನು ನೋಡಿ ಕಡಿದು, ತೂತಾದ ಹಳೆಯ ಕೊಡಪಾನದಲ್ಲಿ ಮರಳು ತುಂಬಿ, ಕಲ್ಲು ಕೊಟ್ಟು ಬಿಗಿಮಾಡಿ ನಿಲ್ಲಿಸುತ್ತೇವೆ. ಎಷ್ಟು ಬಿಗಿಮಾಡಿದರೂ ಒಂದು ಕಡೆಗೆ ವಾಲುತ್ತದೆ. ಪೇಟೆಯ ಪ್ಲಾಸ್ಟಿಕ್ ಮರ ವಾಲುವುದಿಲ್ಲ ನಿಜ, ಅದನ್ನು ಮಡಚಿ ಅಟ್ಟದ ಮೇಲಿಟ್ಟು ಮುಂದಿನ ವರ್ಷ ತೆಗೆಯಬಹುದು. ಶಿವಮೊಗ್ಗದಲ್ಲಿ ಮೂರನೇ ಮಹಡಿಯಲ್ಲಿ ಬಾಡಿಗೆಗಿರುವವರಿಗೆ ಅದೇ ಅನುಕೂಲ, ಅವರನ್ನು ನಾನು ದೂರುವುದಿಲ್ಲ. ನರ್ಸರಿಯಲ್ಲಿ ಕ್ರಿಸ್ಮಸ್ ಗಿಡ ಅಂತ ಕುಂಡದಲ್ಲಿ ಕೊಡುವ ಅರಾಕೇರಿಯಾವೂ ಚೆಂದವೇ. ಅಂಗಳದ ಮೂಲೆಯಲ್ಲಿ ನೆಟ್ಟರೆ ಮಾಡು ಮೀರಿ ಬೆಳೆಯುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ತಂದರಾಯಿತು. ಆದರೆ ತೋಟ, ಬೇಲಿ, ಹಿತ್ತಲು ಎಲ್ಲ ಇರುವ ನಾವು ಹಳ್ಳಿಯವರೂ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಪ್ಲಾಸ್ಟಿಕ್ ಹೊತ್ತು ತರುವುದು ಯಾಕೋ ನನಗೆ ಅರ್ಥವಾಗುವುದಿಲ್ಲ.

ಗಾಳಿಮರದಲ್ಲಿ ಮಕ್ಕಳಿಗೆ ಇನ್ನೊಂದು ಮಜಾ ಇದೆ. ಸೂಜಿ ಸೂಜಿಯಾಗಿ ಕಾಣುವುದು ಅದರ ಎಲೆಯಲ್ಲ, ಗಣ್ಣು ಗಣ್ಣಾದ ಎಳೆಯ ಕಡ್ಡಿ. ನಿಜವಾದ ಎಲೆ ಪ್ರತಿ ಗಣ್ಣಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಾಗಿ ಅಂಟಿಕೊಂಡಿರುತ್ತದೆ. ಮೆಲ್ಲಗೆ ಎಳೆದರೆ ಕಡ್ಡಿ ಗಣ್ಣಿನಲ್ಲಿ ಕಳಚುತ್ತದೆ, ಮತ್ತೆ ಕೂಡಿಸಿದರೆ ಎಲ್ಲಿ ಕಳಚಿತ್ತೆಂದು ಗೊತ್ತಾಗುವುದಿಲ್ಲ. "ಎಲ್ಲಿ ಮುರ್ದೆ ಹೇಳಜ್ಜಿ" ಅಂತ ದೊಡ್ಡವಳು ಒಂದೊಂದೇ ಕಡ್ಡಿ ತಂದು ಮುಖಕ್ಕೆ ಹಿಡಿಯುತ್ತಾಳೆ. ಚಿಕ್ಕವನಿಗೆ ಕೂಡಿಸಲು ಬಾರದು, ಕಳಚುವುದಷ್ಟೇ. ಮರದ ಬುಡದಲ್ಲಿ ಹಸಿರು ಚೂರುಗಳ ರಾಶಿ ಬೀಳುತ್ತದೆ. ಸೊಸೆ ದಿನಕ್ಕೆರಡು ಸಲ ಗುಡಿಸುತ್ತಾಳೆ, ಗೊಣಗುತ್ತಾಳೆ, ಮತ್ತೆ ಗುಡಿಸುತ್ತಾಳೆ.

ಇನ್ನು ತೂಗುವ ವಿಚಾರ. ನಾಲ್ಕು ವರ್ಷದ ಮಗುವಿನ ಕೈಗೆ ಹತ್ತು ನಕ್ಷತ್ರ ಕೊಟ್ಟರೆ ಹತ್ತನ್ನೂ ಒಂದೇ ಟಿಸಿಲಿಗೆ ಸಿಕ್ಕಿಸುತ್ತದೆ. ಟಿಸಿಲು ಬಾಗಿ ನೆಲ ಮುಟ್ಟುತ್ತದೆ. ಅದು ತನ್ನ ಕಣ್ಣಿನ ಮಟ್ಟದಲ್ಲಿ, ತನಗೆ ಇಷ್ಟ ಕಂಡ ಕಡೆ ಇಟ್ಟಿದೆ, ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಎರಡು ವರ್ಷದ್ದಕ್ಕೆ ತೂಗುವುದಕ್ಕಿಂತ ಬಿಚ್ಚುವುದೇ ಸಂಭ್ರಮ. ಅಕ್ಕ ತೂಗಿದ್ದನ್ನು ತಮ್ಮ ಬಿಚ್ಚುತ್ತಾನೆ, ಜಗಳ, ಅಳು, ಮತ್ತೆ ತೂಗುವುದು. ಡಿಸೆಂಬರ್ ಕೊನೆಯ ವಾರ ಪೂರ್ತಿ ನಮ್ಮ ಚಾವಡಿಯಲ್ಲಿ ನಡೆಯುವುದು ಇದೇ. ಇದನ್ನು ನೋಡಲಾಗದೆ ಮಕ್ಕಳು ಮಲಗಿದ ಮೇಲೆ ಎದ್ದುಹೋಗಿ ನಕ್ಷತ್ರಗಳನ್ನೆಲ್ಲ ಸಮವಾಗಿ ಹಂಚಿಡುವ ತಾಯಂದಿರು ಬಹಳ ಇದ್ದಾರೆ. ನಮ್ಮ ಮನೆಯಲ್ಲೂ ಒಂದು ರಾತ್ರಿ ಹಾಗಾಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ದೊಡ್ಡವಳು ಮರದ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ನಂದು ಯಾರು ತೆಗ್ದಿದ್ದು?" ಅಷ್ಟು ನಕ್ಷತ್ರಗಳ ನಡುವೆ ತಾನಿಟ್ಟದ್ದು ಎಲ್ಲಿತ್ತು ಅನ್ನುವುದು ಅವಳಿಗೆ ನೆನಪಿತ್ತು. ಆಮೇಲೆ ಮಗ ಸೊಸೆ ಇಬ್ಬರಿಗೂ ತಾಕೀತು ಮಾಡಿದ್ದೇನೆ. ನಿಮ್ಮ ಸೊಂಟದ ಮೇಲಿನದು ನಿಮ್ಮದು, ಅಲ್ಲಿ ಬೇಕಾದರೆ ಸ್ಕೇಲ್ ಹಿಡಿದು ಅಳೆಯಿರಿ. ಕೆಳಗಿನದಕ್ಕೆ ಕೈ ಹಚ್ಚಬೇಡಿ.

ಇದು ಅಜ್ಜಿಯ ಮುದ್ದು ಅಂತ ಯಾರೂ ತಿಳಿಯಬೇಡಿ. ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರಿಗೆ ನಾವು ಮಣಿ ಪೋಣಿಸಲು, ದಾರ ಕಟ್ಟಲು, ಕಾಗದ ಹರಿದು ಅಂಟಿಸಲು ಕೊಡುತ್ತಿದ್ದುದು ಹೊತ್ತು ಕಳೆಯಲಿ ಅಂತಲ್ಲ. ಬಳಪ ಹಿಡಿಯುವ ಮೊದಲು ಬೆರಳು ಬಲಿಯಬೇಕು. ಹೆಬ್ಬೆರಳು ತೋರುಬೆರಳು ಸೇರಿಸಿ ದಾರದ ಕುಣಿಕೆಯನ್ನು ಟಿಸಿಲಿಗೆ ಸಿಕ್ಕಿಸುವುದು ಆ ವಯಸ್ಸಿಗೆ ಒಳ್ಳೆಯ ಕಸರತ್ತು. ಬಿದ್ದರೆ ಮತ್ತೆ ಎತ್ತುತ್ತಾರೆ, ನಾವು ಬೈಯದಿದ್ದರೆ.

ಹಾಗಾದರೆ ತೂಗುವುದೇನು? ನಮ್ಮಲ್ಲಿ ಅಡಿಕೆ ಹಾಳೆಯ ನಕ್ಷತ್ರ. ತೋಟದಲ್ಲಿ ಬಿದ್ದ ಹಾಳೆಯನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕತ್ತರಿಯಲ್ಲಿ ಕತ್ತರಿಸಿ, ಅಕ್ಕಿ ಚೀಲದ ಅಡಿಗಿಡಬೇಕು, ಇಲ್ಲವಾದರೆ ಒಣಗುತ್ತ ಮುರುಟಿಕೊಳ್ಳುತ್ತದೆ. ಮಾರನೇ ದಿನ ಗೋಣಿಸೂಜಿಯಲ್ಲಿ ತೂತು ಮಾಡಿ ದಾರ ಹಾಕಿದರೆ ಆಯಿತು. ಬಿದ್ದರೆ ಒಡೆಯುವುದಿಲ್ಲ, ಬಾಯಿಗಿಟ್ಟರೆ ಬಣ್ಣ ಬಿಡುವುದಿಲ್ಲ, ತುಳಿದರೆ ಕಾಲಿಗೆ ಚುಚ್ಚುವುದಿಲ್ಲ. ಐದು ಮೂಲೆಯೇ ಆಗಬೇಕೆಂದಿಲ್ಲ, ನಮ್ಮ ಮರದಲ್ಲಿ ಮೂರು ಮೂಲೆಯ ನಕ್ಷತ್ರಗಳೂ ಇವೆ, ಒಂದಕ್ಕೆ ಬಾಲವೂ ಇದೆ. ಹಳೆಯ ಮದುವೆ ಕಾಗದಗಳು, ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳು, ದೊಡ್ಡ ಗುಂಡಿಗಳು, ಎಲ್ಲಕ್ಕೂ ಜಾಗವಿದೆ.

ಜೊತೆಗೆ ಕೋಡುಬಳೆ. ನಗಬೇಡಿ. 1605ರಲ್ಲಿ ಸ್ಟ್ರಾಸ್‌ಬರ್ಗ್ ಊರಿನ ಮನೆಗಳ ಕ್ರಿಸ್ಮಸ್ ಮರದ ಬಗ್ಗೆ ಬರೆದಿಟ್ಟ ಹಳೆಯ ಟಿಪ್ಪಣಿಯೊಂದಿದೆ. ಅದರಲ್ಲಿ ಬರುವುದು ಬಣ್ಣದ ಕಾಗದದ ಗುಲಾಬಿ, ಸೇಬು, ತೆಳ್ಳನೆಯ ಬಿಲ್ಲೆ, ಸಕ್ಕರೆ ತಿನಿಸು. ಅಂದರೆ ಮರಕ್ಕೆ ತಿನ್ನುವುದನ್ನು ಕಟ್ಟುವುದೇ ಹಳೆಯ ಕ್ರಮ, ಗಾಜಿನ ಗುಂಡು ಆಮೇಲಿನದು. ನಮ್ಮ ಕುಸ್ವಾರಿನಲ್ಲಿ, ಅಂದರೆ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಲ್ಲಿ, ಕಿಡ್ಯೊ, ನೆವ್ರ್ಯೊ, ಎಳ್ಳುಂಡೆ ಎಲ್ಲ ಇದ್ದರೂ ದಾರ ಹಾಕಲು ಬರುವುದು ಕೋಡುಬಳೆಯೊಂದೇ, ಬಳೆಯ ಆಕಾರ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ವರ್ಷ ಎರಡು ದಿನ ಮುಂಚೆ ಕಟ್ಟಿ ಇರುವೆಗಳಿಗೆ ಹಬ್ಬವಾಯಿತು. ಈಗ 24ರ ಸಂಜೆ, ಚರ್ಚಿನ ರಾತ್ರಿ ಬಲಿಪೂಜೆಗೆ ಹೊರಡುವ ಮುಂಚೆ ಕಟ್ಟುತ್ತೇವೆ, ಕೊಡಪಾನವನ್ನು ನೀರು ತುಂಬಿದ ಪರಾತದಲ್ಲಿ ಇಡುತ್ತೇವೆ. ಇಗರ್ಜಿಯಿಂದ ಬರುವಷ್ಟರಲ್ಲಿ ನಿದ್ದೆ ಹತ್ತಿದ ಮಕ್ಕಳು ಬೆಳಿಗ್ಗೆ ಎದ್ದು ಕೆಳಗಿನ ಕೊಂಬೆಯಿಂದ ತಾವೇ ಕಿತ್ತು ತಿನ್ನುತ್ತಾರೆ. ಕ್ರಿಸ್ಮಸ್ ತಾತನ ಉಡುಗೊರೆಯೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಅದು ಮಧ್ಯಾಹ್ನದೊಳಗೆ ಮುರಿದಿರುತ್ತದೆ.

ಡಿಸೆಂಬರ್ ಅಂದರೆ ಇಲ್ಲಿ ಅಡಿಕೆ ಕೊಯ್ಲು. ಸುಲಿಯಲು ಬರುವ ಹೆಂಗಸರ ಜೊತೆ ಅವರ ಮಕ್ಕಳೂ ಬರುತ್ತಾರೆ, ಬಂದವರು ನೇರ ಮರದ ಬುಡಕ್ಕೆ. "ಟೀಚರೇ, ಇದು ನೀವು ಪೂಜೆ ಮಾಡೋ ಮರನಾ? ನಮ್ಮ ಹುಡುಗ ಮುಟ್ಟಬೌದಾ?" ಅಂತ ಒಬ್ಬಳು ಹೆದರಿ ಹೆದರಿ ಕೇಳಿದಳು. "ಪೂಜೆ ಗೋದಲಿಗೆ ಮಾರಾಯ್ತಿ, ಮರ ಮಕ್ಕಳಿಗೆ. ಮುಟ್ಲಿ" ಅಂದೆ. ಆ ಹುಡುಗ ಮಾರನೇ ದಿನ ಎಲ್ಲಿಂದಲೋ ನವಿಲುಗರಿ ತಂದು ಸಿಕ್ಕಿಸಿ ಹೋದ. ಮರದಲ್ಲಿ ಎಲ್ಲಕ್ಕಿಂತ ಚೆಂದ ಕಂಡದ್ದು ಅದೇ.

ಈಗ ಏನು ತೂಗಬಾರದು ಅನ್ನುವುದಕ್ಕೆ ಬರುತ್ತೇನೆ, ಇದನ್ನು ದಯವಿಟ್ಟು ಕತ್ತರಿಸದೆ ಪ್ರಕಟಿಸಿ. ಮೊದಲನೆಯದು ಗುಲಗಂಜಿ. ಕೆಂಪು ಕಪ್ಪು ಬೀಜ ನೋಡಲು ಬಲು ಚೆಂದ, ನಮ್ಮ ಬೇಲಿಗಳಲ್ಲಿ ಬೇಕಾದಷ್ಟು ಸಿಗುತ್ತದೆ, ಪೋಣಿಸಿ ಮಾಲೆ ಮಾಡುವ ಆಸೆ ಯಾರಿಗೂ ಆಗುತ್ತದೆ. ಆದರೆ ಅದರೊಳಗಿನದು ಜೀವ ತೆಗೆಯುವಂಥ ವಿಷ. ಗಟ್ಟಿ ಸಿಪ್ಪೆ ಇರುವವರೆಗೆ ವಿಷ ಒಳಗೇ ಇರುತ್ತದೆ. ಸೂಜಿಯಲ್ಲಿ ತೂತು ಮಾಡಿದ, ಇಲ್ಲವೇ ಹಲ್ಲಿನಲ್ಲಿ ಕಡಿದ ಬೀಜವೇ ಅಪಾಯ. ಮಾಲೆಗೆ ನಾವು ಮಾಡುವುದೂ ಅದೇ ತೂತು. ಮಕ್ಕಳಿರುವ ಮನೆಗೆ ಗುಲಗಂಜಿ ಬೇಡವೇ ಬೇಡ. ಎರಡನೆಯದು, ಹಿಮದ ಹಾಗೆ ಕಾಣಲಿ ಅಂತ ಹರಡುವ ಹತ್ತಿ. ನಮ್ಮೂರಿನಲ್ಲಿ ಹಿಮ ಬಿದ್ದದ್ದನ್ನು ಕಂಡವರಾರು? ಮಂಜು ಬೀಳುತ್ತದೆ, ಅದಕ್ಕೆ ಹತ್ತಿ ಬೇಕಿಲ್ಲ. ಒಣಗಿದ ಗಾಳಿಮರಕ್ಕೂ ಹತ್ತಿಗೂ ಬೆಂಕಿ ಹತ್ತಲು ಒಂದು ಕಿಡಿ ಸಾಕು, ಮೇಣದಬತ್ತಿಯನ್ನು ಮರದ ಹತ್ತಿರ ತರಬಾರದು, ಸೀರಿಯಲ್ ಸೆಟ್ಟನ್ನು ಮಲಗುವ ಮುಂಚೆ ಪ್ಲಗ್ಗಿನಿಂದಲೇ ಕಿತ್ತಿಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈಚೆಗೆ ಅಂಗಡಿಗಳಲ್ಲಿ ಬರುತ್ತಿರುವ ಪುಟ್ಟ ಪುಟ್ಟ ಮಿಣುಕು ದೀಪಗಳು, ಹಾಡುವ ನಕ್ಷತ್ರಗಳು, ಹೊಳೆಯುವ ಕ್ರಿಸ್ಮಸ್ ತಾತಂದಿರು. ಇವುಗಳೊಳಗೆ ಇರುವುದು ಗುಂಡಿಯಂಥ ಚಪ್ಪಟೆ ಬ್ಯಾಟರಿ, ಈಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲದ್ದು. ನಮ್ಮ ಚಿಕ್ಕವನ ಮುಷ್ಟಿ ಬಿಡಿಸಿ ನೋಡಿದಾಗ ಅದು ಅಂಗೈಯಲ್ಲಿತ್ತು. ದೀಪದ ಹಿಂದಿನ ಮುಚ್ಚಳ ಉಗುರಿನಲ್ಲಿ ಒತ್ತಿದರೆ ತೆರೆಯುವಂಥದ್ದು. ಬಾಯಿಗೆ ಹೋಗಲಿಲ್ಲ, ದೇವರು ದೊಡ್ಡವನು. ಈ ಬ್ಯಾಟರಿ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಜೊಲ್ಲಿನ ತೇವಕ್ಕೆ ವಿದ್ಯುತ್ ಹರಿದು ಕ್ಷಾರ ಹುಟ್ಟಿ ಒಳಗಿನ ಮಾಂಸವನ್ನೇ ಸುಡುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಮಗು ಕೆಮ್ಮಬಹುದು, ಜೊಲ್ಲು ಸುರಿಸಬಹುದು, ಊಟ ಬೇಡವೆನ್ನಬಹುದು, ಏನೂ ತೋರಿಸದೆಯೂ ಇರಬಹುದು. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ನಾಳೆ ಮಲದಲ್ಲಿ ಬಂದೀತು ಅಂತ ಕಾಯದೆ, ಆ ಕ್ಷಣವೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ನಮ್ಮಂಥ ಒಳಗಿನ ಹಳ್ಳಿಗಳಿಂದ ತೀರ್ಥಹಳ್ಳಿ ಮುಟ್ಟುವುದೇ ಒಂದು ಪ್ರಯಾಣ. ಎರಡು ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ.

ನಿಮ್ಮ ಪುರವಣಿಯವರು ಎತ್ತರದಲ್ಲಿ ಕಟ್ಟಿ ಅಂದದ್ದು ಇಂಥದ್ದಕ್ಕೇ ಇದ್ದರೆ, ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಎತ್ತರಕ್ಕೆ ಕಟ್ಟಿದ್ದೂ ಕೆಳಗೆ ಬೀಳುತ್ತದೆ. ನಾಲ್ಕು ವರ್ಷದವಳು ಮಣೆ ಎಳೆದುಕೊಂಡು ಹತ್ತುತ್ತಾಳೆ. ಮಕ್ಕಳ ಮರದಲ್ಲಿ ಅಂಥ ವಸ್ತುವೇ ಇರಬಾರದು.

ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮರಕ್ಕೆ ತೂಗುವ ದೀಪವನ್ನು ಮಾರುವುದು ಅಲಂಕಾರದ ಸಾಮಾನು ಅಂತ, ಆಟಿಕೆ ಅಂತಲ್ಲ. ಮಗುವಿಗೆ ಆ ಭೇದ ಗೊತ್ತೇ? ನಮ್ಮಲ್ಲಿ ಎಳ್ಳಮಾವಾಸ್ಯೆ ಜಾತ್ರೆ ಕ್ರಿಸ್ಮಸ್ಸಿಗೆ ಆಚೀಚೆಯೇ ಬರುತ್ತದೆ. ರಾಮೇಶ್ವರನ ತೇರು, ತುಂಗೆಯಲ್ಲಿ ತೆಪ್ಪ ನೋಡಲು ಹೋದ ಕ್ರೈಸ್ತರ ಮಕ್ಕಳೂ ಹಿಂದೂ ಮಕ್ಕಳೂ ಕೈಯಲ್ಲಿ ಹಿಡಿದು ಬರುವುದು ಇದೇ ಮಿಣುಕು ಸಾಮಾನುಗಳನ್ನು, ಹಾಗಾಗಿ ಇದು ನಮ್ಮ ಹಬ್ಬದವರ ಚಿಂತೆ ಮಾತ್ರವಲ್ಲ. ಜಾತ್ರೆಯಲ್ಲಿ ಅಂಗಡಿಗೆ ಜಾಗ ಕೊಡುವವರು ಒಂದು ಮಾತು ಸೇರಿಸಲಿ: ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸಾಮಾನನ್ನು ಮಾರುವ ಹಾಗಿಲ್ಲ. ಪೇಟೆಯ ಅಂಗಡಿಯವರೂ ಮಾಲು ತರಿಸುವಾಗ ಒಂದನ್ನು ತಿರುಗಿಸಿ ನೋಡಲಿ. ಕೊಳ್ಳುವವರು ಅಂಗಡಿಯಲ್ಲೇ ಉಗುರು ಹಾಕಿ ಎಬ್ಬಿಸಿ ನೋಡಿ. ಎದ್ದು ಬಂದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಈಗಾಗಲೇ ಮನೆಯಲ್ಲಿರುವುದಕ್ಕೆ ಗಟ್ಟಿ ಟೇಪು ಸುತ್ತಿ, ಮುಗಿದ ಬ್ಯಾಟರಿಯನ್ನೂ ಟೇಪಿನಲ್ಲಿ ಸುತ್ತಿಯೇ ಎಸೆಯಿರಿ, ಯಾಕೆಂದರೆ ದೀಪ ಹೊತ್ತದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ತಾಲ್ಲೂಕಿನ ಅಂಗನವಾಡಿಗಳ ತಾಯಂದಿರ ಸಭೆಯಲ್ಲಿ ಡಿಸೆಂಬರ್ ತಿಂಗಳಿಗೆ ಈ ವಿಷಯ ಇಡಬೇಕೆಂದು ಈಗಿನ ಕಾರ್ಯಕರ್ತೆಯರನ್ನು ಕೇಳಿಕೊಂಡಿದ್ದೇನೆ, ಇಬ್ಬರು ಒಪ್ಪಿದ್ದಾರೆ. ನೀವೂ ಜಾತ್ರೆಗೆ ಒಂದು ವಾರ ಮುಂಚೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಹಾಕಿದರೆ ಉಪಕಾರವಾಗುತ್ತದೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ ತಾಲ್ಲೂಕು